ಒಂದೊಂದು ಕಿವಿ

ನಮ್ಮ ಅತ್ತಿಗೆ ರೇಣುಕಾದೇವಿಯ ಎಡಗಿವಿಯನ್ನು ನಾನು ನೋಡಿದಷ್ಟು ಅವಳ ಹೆತ್ತ ತಾಯಿಯೂ ನೋಡಿರಲಿಕ್ಕಿಲ್ಲ. ಎರಡು ತಿಂಗಳು, ವಾರಕ್ಕೆ ಆರು ದಿನ, ಹೋಗುವಾಗ ಮುಕ್ಕಾಲು ಗಂಟೆ, ಬರುವಾಗ ಮುಕ್ಕಾಲು ಗಂಟೆ ಆ ಕಿವಿ ನನ್ನ ಮುಖದಿಂದ ಒಂದು ಗೇಣು ದೂರದಲ್ಲಿತ್ತು. ಹಾಲೆಯ ಮೇಲೆ ಒಂದು ಮಚ್ಚೆ, ಅದರ ಕೆಳಗೆ ಒಂದು ಹರಳು ಉದುರಿಹೋದ ಬೆಂಡೋಲೆ. ಆ ಕಿವಿ ಕಂಡರೆ ನನಗೆ ಆಗುತ್ತಿರಲಿಲ್ಲ.

ನಾವಿಬ್ಬರೂ ಯಶವಂತನಗರದ ಆಚೆ ಇರುವ ಗಣಿಯಲ್ಲಿ ಕೆಲಸ ಮಾಡುತ್ತೇವೆ. ನಾನು ತೂಕದ ಕಾಟಾದಲ್ಲಿ ಲಾರಿಗಳಿಗೆ ಚೀಟಿ ಹರಿದು ಕೊಡುವವಳು. ಅವಳು ಕಂಪನಿಯ ನರ್ಸರಿಯಲ್ಲಿ ಸಸಿಗಳಿಗೆ ನೀರು ಬಿಡುವವಳು. ಬೆಳಿಗ್ಗೆ ಆರೂ ಮುಕ್ಕಾಲಿಗೆ ಚಿತ್ತವಾಡ್ಗಿಯ ತಿರುವಿಗೆ ಕಂಪನಿ ಬಸ್ಸು ಬರುತ್ತದೆ. ಒಳಗೆ ಬಂಡೆ ಸಿಡಿಸುವುದರಿಂದ ಮೊಬೈಲು ನಿಷಿದ್ಧ. ಇಳಿದ ತಕ್ಷಣ ಗೇಟಿನ ಪೆಟ್ಟಿಗೆಗೆ ಹಾಕಬೇಕು. ಎಷ್ಟೋ ಹೆಣ್ಣುಮಕ್ಕಳು ಮನೆಯಲ್ಲೇ ಬಿಟ್ಟು ಬರುತ್ತಾರೆ, ನಾವೂ ಹಾಗೇ. ಅದಕ್ಕೇ ಅಣ್ಣ ಪ್ರವೀಣ ಎಲ್ಲಿಂದಲೋ ಹಳೆಯದೊಂದು ಎಂಪಿತ್ರೀ ಪ್ಲೇಯರ್ ತಂದ. ಬೆಂಕಿಪೊಟ್ಟಣದಷ್ಟು ದೊಡ್ಡದು, ಸ್ಪೀಕರ್ ಇಲ್ಲ, ಇಯರ್‌ಫೋನ್ ಹಾಕಿದರೆ ಮಾತ್ರ ಕೇಳುತ್ತದೆ.

"ಇಬ್ರೂ ಕೂಡಿ ಕೇಳ್ರಿ" ಅಂದ ಅಣ್ಣ. ಮದುವೆಯಾಗಿ ಎರಡು ವರ್ಷವಾದರೂ ಮನೆಯಲ್ಲಿ ಏನು ನಡೆಯುತ್ತಿದೆ ಅನ್ನುವುದು ಅವನಿಗೆ ಗೊತ್ತೇ ಇರಲಿಲ್ಲ.

ಅದರಲ್ಲಿ ಇದ್ದದ್ದು ಒಂದೇ ರೆಕಾರ್ಡಿಂಗು, ನಲವತ್ತು ನಿಮಿಷದ್ದು. ಕಂಪ್ಲಿಯ ಜಂಬುನಾಥ್ ಮಾಸ್ತರರು ಹೊಸದಾಗಿ ಬರೆದ ದೊಡ್ಡಾಟ, 'ಕೆಂಪುಗುಡ್ಡದ ರಾಣಿ'. ಮಾಸ್ತರರದು ಹೆಣ್ಣುಮಕ್ಕಳ ಮೇಳ. ರಾಜನ ಮೀಸೆಯನ್ನೂ ಹೆಣ್ಣುಮಕ್ಕಳೇ ಅಂಟಿಸಿಕೊಳ್ಳುತ್ತಾರೆ. ರಾಣಿಯ ಪಾತ್ರಕ್ಕೆ ಇಬ್ಬರ ಹೆಸರು ಉಳಿದಿತ್ತು. ಒಂದು ಪಲ್ಲವಿ, ಅಂದರೆ ನನ್ನದು, ಇನ್ನೊಂದು ನಮ್ಮ ಅತ್ತಿಗೆಯದು. ಎರಡು ತಿಂಗಳು ಬಿಟ್ಟು ಒಂದು ಭಾನುವಾರ ಕಂಪ್ಲಿಗೆ ಹೋಗಿ ಮಾಸ್ತರರ ಮುಂದೆ ಹಾಡಬೇಕು, ಅವರು ಒಬ್ಬಳನ್ನು ಆರಿಸುತ್ತಾರೆ. ರಕ್ಕಸನ ಪಾತ್ರಕ್ಕೆ ಮಾತ್ರ ಯಾರೂ ಸಿಕ್ಕಿರಲಿಲ್ಲ. ಮುಖಕ್ಕೆ ಮಸಿ ಬಳಿದುಕೊಂಡು ಕೂಗಾಡುವುದಕ್ಕೆ ಯಾರು ಬರುತ್ತಾರೆ?

ಆ ಕತೆ ನನ್ನದು. ನಮ್ಮ ಅಜ್ಜಿ ಉಚ್ಚಂಗೆಮ್ಮನ ತೊಡೆಯ ಮೇಲೆ ಮಲಗಿ, ಅವಳು ಹೇಳಿದ ಒಂದೊಂದು ಮಾತಿಗೂ ಹೂಂ ಅಂದು ಅಂದು ಬೆಳೆದವಳು ನಾನು. ರಕ್ಕಸ ರಾಣಿಯ ಹಾಡುವ ಕೊರಳು ಕೇಳುತ್ತಾನೆ, ಅವಳು ಕೊಡುವುದಿಲ್ಲ. ಅವನು ಗುಡ್ಡಕ್ಕೆ ಬಾಯಿ ಮಾಡಿ ಅವಳನ್ನು ನುಂಗಿಸುತ್ತಾನೆ. ಗುಡ್ಡದ ಮಣ್ಣು ಕೆಂಪಾದದ್ದು ಅವಳ ಸೀರೆಯಿಂದ. ಒಳಗೆ ಅವಳು ಇವತ್ತಿಗೂ ಹಾಡುತ್ತಾಳೆ, ಹೊರಗೆ ನಿಂತವರಿಗೆ ಏಳು ಗೋಡೆಯ ಆಚೆಯಿಂದ ಕೇಳಿದ ಹಾಗೆ ಕೇಳುತ್ತದೆ. ಮಾಸ್ತರರು ಎರಡು ದಿನ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಇದನ್ನು ಅಜ್ಜಿಯಿಂದ ಕೇಳಿಕೊಂಡು ಹೋಗಿ ಆಟ ಕಟ್ಟಿದರು. ಅತ್ತಿಗೆ ಬಂದದ್ದು ಮೊನ್ನೆ ಮೊನ್ನೆ, ಕಂಪ್ಲಿಯಿಂದ. ಅವಳಿಗೂ ಆ ರಾಣಿಗೂ ಏನು ಸಂಬಂಧ? ಕಾಟಾದ ಕಿಟಕಿಯಿಂದ ಕೆಂಪು ಗುಡ್ಡ ನೋಡುತ್ತಾ ನಾನು ಎಷ್ಟು ಸಲ ರಾಣಿಯಾಗಿದ್ದೆನೋ ಲೆಕ್ಕವಿಲ್ಲ. ಲಾರಿಯವರು ಹಾರ್ನ್ ಹೊಡೆದು ಹೊಡೆದು ನನ್ನನ್ನು ಅಲ್ಲಿಂದ ಕೆಳಗಿಳಿಸುತ್ತಿದ್ದರು.

ಮಾಸ್ತರರು ರೆಕಾರ್ಡಿಂಗನ್ನು ಯಾರ ಮೊಬೈಲಿಗೂ ಹಾಕಲು ಬಿಡಲಿಲ್ಲ. ವಾಟ್ಸಾಪಿಗೆ ಬಿದ್ದರೆ ಮರುದಿನವೇ ಇನ್ನೊಂದು ಮೇಳದವರು ಹಾಡುತ್ತಾರೆ ಅನ್ನುವ ಭಯ. ಸ್ಟುಡಿಯೋದವನಿಂದ ನೇರವಾಗಿ ಈ ಪ್ಲೇಯರಿಗೇ ಹಾಕಿಸಿ ಕೊಟ್ಟರು.

ಒಬ್ಬಳೇ ಕೂತು ಕೇಳಿದರೆ ಅವಳ ಅಭ್ಯಾಸ ಹೆಚ್ಚಾಗುತ್ತದೆ ಅಂತ ನಮ್ಮಿಬ್ಬರಿಗೂ ಅನುಮಾನ. ಆದ್ದರಿಂದ ಬಸ್ಸಿನಲ್ಲಿ ಮಾತ್ರ ಕೇಳುವುದು, ಇಯರ್‌ಫೋನಿನ ಒಂದೊಂದು ತುದಿ ಒಬ್ಬೊಬ್ಬರ ಕಿವಿಗೆ. ಮನೆಗೆ ಬಂದ ಕೂಡಲೇ ಅದು ಅಜ್ಜಿಯ ಎಲೆಅಡಿಕೆ ಚೀಲ ಸೇರುತ್ತಿತ್ತು. ಚಾರ್ಜಿಗೆ ಹಾಕಿದರೂ ಅಜ್ಜಿ ಪಕ್ಕದಲ್ಲಿ ಕೂತು ಕಾಯುತ್ತಿದ್ದಳು. ನಾನು ಕಿಟಕಿಯ ಕಡೆ, 'ಎಲ್' ಅಂತ ಬರೆದ ತುದಿ ನನ್ನದು. ಅವಳ ಕಿವಿಯ ಕೊಳೆ ನನಗೆ ಬೇಡವೆಂದು ಮೊದಲ ದಿನವೇ ನನ್ನ ತುದಿಗೆ ಕೆಂಪು ದಾರ ಕಟ್ಟಿದೆ.

"ಯಾಕ, ನನ್ನ ಕಿವಿಯೊಳಗ ಹುಳ ಅದಾವೇನು?" ಅಂದಳು.

"ಇದ್ರೂ ನಿಮ್ಮ ಕಡೀನೇ ಇರ್ಲಿ ಅಂತ್ರಿ, ಅತ್ತಿಗಿ."

ಅವಳು ನನ್ನನ್ನು ನೀನು ಅನ್ನುತ್ತಿದ್ದಳು, ನಾನು ಅವಳಿಗೆ ನೀವು ಅನ್ನುತ್ತಿದ್ದೆ. ನನ್ನ ಮಟ್ಟಿಗೆ ಆ 'ರೀ'ಗಿಂತ ದೊಡ್ಡ ಬೈಗುಳ ಇರಲಿಲ್ಲ.

ದನಿ ಚೆನ್ನಾಗಿ ಕೇಳಬೇಕೆಂದು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಬಸ್ಸಿನ ತಗಡು ಒಂದೇ ಸಮ ಗಡಗಡ ಅನ್ನುತ್ತಿತ್ತು. ಸೌಂಡ್ ಏರಿಸಿದರೆ ಹಾರ್ಮೋನಿಯಂ ಒಡೆದ ತಗಡಾಗುತ್ತಿತ್ತು, ಇಳಿಸಿದರೆ ಏನೂ ಇಲ್ಲ. ಕಿವಿಗೆ ಸರಿಯಾಗಿ ಕೂರುವ ಸಣ್ಣ ರಬ್ಬರು ಹಾಕಿದೆ. ಕಿವಿಯ ತೂತು ಮುಚ್ಚಿಹೋದರೆ ಬಸ್ಸು ಅರ್ಧ ಸಾಯುತ್ತದೆ, ಸೌಂಡು ಕಡಿಮೆ ಇಟ್ಟರೂ ಹಾಡು ಬರುತ್ತದೆ ಅನ್ನುವುದು ಹದಿನೈದು ದಿನಕ್ಕೆ ತಿಳಿಯಿತು. ಪ್ಲೇಯರಿನೊಳಗೆ ರಾಕ್, ಬೇಸ್, ನಾರ್ಮಲ್ ಅಂತ ಏನೇನೋ ಇತ್ತು. ಅವಳು ಬೇಸ್‌ಗೆ ಇಡುತ್ತಿದ್ದಳು, ನಾನು ನಾರ್ಮಲ್‌ಗೆ ತರುತ್ತಿದ್ದೆ. ತೋರಣಗಲ್ಲಿನ ರೈಲುಗೇಟು ಬಿದ್ದ ಹೊತ್ತಿನಲ್ಲಿ ಲಾರಿಯವರು ಜಗಳವಾಡುವ ಹಾಗೆ ನಮ್ಮ ಬೆರಳುಗಳು ಆ ಸಣ್ಣ ಗುಂಡಿಗಳ ಮೇಲೆ ಜಗಳವಾಡುತ್ತಿದ್ದವು.

ಎಲ್ಲಕ್ಕಿಂತ ದೊಡ್ಡ ಶತ್ರು ಗಣಿಯ ದೂಳು. ಇಯರ್‌ಫೋನಿನ ಹೊಟ್ಟೆಯಲ್ಲಿ ಸಣ್ಣದೊಂದು ಅಯಸ್ಕಾಂತ ಇರುತ್ತದೆ. ಅದಿರಿನ ಪುಡಿ ಹುಡುಕಿಕೊಂಡು ಬಂದು ಅದರ ಜಾಲರಿಗೆ ಅಂಟುತ್ತದೆ. ವಾರಕ್ಕೊಂದು ಸಲ ಜಾಲರಿಯ ಮೇಲೆ ಕರಿಗಡ್ಡ ಬೆಳೆದ ಹಾಗಾಗುತ್ತಿತ್ತು. ಊದಿದರೆ ಹೋಗದು, ಬ್ರಷ್ಷಿನಿಂದ ಉಜ್ಜಿದರೆ ಇನ್ನೂ ಒಳಗೆ ಇಳಿಯುತ್ತದೆ. ನಾನು ಅಂಟು ಟೇಪು ಒತ್ತಿ ಒತ್ತಿ ನನ್ನ ತುದಿಯದನ್ನು ಕೀಳುತ್ತಿದ್ದೆ. ಅವಳದನ್ನು ಮುಟ್ಟುತ್ತಿರಲಿಲ್ಲ.

ಇಷ್ಟೆಲ್ಲ ಮಾಡಿದರೂ ನನ್ನ ಕಿವಿಗೆ ರಾಣಿ ಸಣ್ಣಗೆ, ದೂರದಿಂದ ಕೇಳುತ್ತಿದ್ದಳು. ರಕ್ಕಸನಾಗಿ ಮಾಸ್ತರರೇ ಹಾಡಿದ್ದರು. ಅವರ ದನಿ ಎದೆಯ ಮೇಲೆ ಕೂತು ಗದ್ದರಿಸುತ್ತಿತ್ತು. ರಾಣಿ ಅವರ ಬೆನ್ನಿನ ಹಿಂದೆ ಎಲ್ಲೋ, ತೇವದ ಗುಹೆಯೊಳಗಿನಿಂದ ಬಂದ ಹಾಗೆ ಎಳೆ ಎಳೆಯಾಗಿ ಬರುತ್ತಿದ್ದಳು. ಮೊದಲ ಸಲ ಕೇಳಿದಾಗ ನನಗೆ ರೋಮಾಂಚನವಾಯಿತು. ಏಳು ಗೋಡೆಯ ಆಚೆಯ ರಾಣಿ! ಮಾಸ್ತರರು ಅಜ್ಜಿಯ ಕತೆಯನ್ನು ನನ್ನಷ್ಟೇ ಅರ್ಥ ಮಾಡಿಕೊಂಡಿದ್ದಾರೆ ಅನ್ನಿಸಿ, ನಾನೂ ಹಾಗೇ ಹಾಡುವುದನ್ನು ಕಲಿತೆ. ಉಸಿರನ್ನು ಒಳಗೇ ಹಿಡಿದು, ತುಟಿ ಅರ್ಧ ತೆರೆದು.

"ಏನವಾ, ಮೈಯಾಗ ಆರಾಮಿಲ್ಲೇನು?" ಅಂದಳು ಅತ್ತಿಗೆ ಒಂದು ಸಂಜೆ, ರೊಟ್ಟಿ ಬಡಿಯುವುದನ್ನು ನಿಲ್ಲಿಸಿ.

"ಹಾಡಾಕತ್ತೀನ್ರಿ."

"ಹಾಡಾ? ನಾ ಎಲ್ಲೋ ಬೆಕ್ಕು ಈಯಾಕತ್ತೈತಿ ಅಂದ್ಕೊಂಡಿದ್ದೆ."

"ನೀವು ಹಾಡಿದ್ರ ಲಾರಿ ರಿವರ್ಸ್ ಬಂದಂಗ ಕೇಳ್ತೈತ್ರಿ. ಮಂದಿ ಸರಿದು ನಿಲ್ತಾರ."

"ರಾಣಿ ಹಾಡೋದು ಹಂಗ. ಗಂಟ್ಲಾ ಬಿಟ್ಟು ಹಾಡ್ತಾಳ. ಕಿವಿ ಐತಿಲ್ಲ ನಿನಗ?"

"ಇದ್ದದ್ದಕ್ಕೇ ಹೇಳಾಕತ್ತೀನಿ. ಪ್ಲೇಯರಿನ್ಯಾಗ ಆಕಿ ಅಷ್ಟು ಸಣ್ಣಗ ಹಾಡ್ತಾಳ. ನೀವ ಒದರ್ತೀರಿ."

ಅಜ್ಜಿಗೆ ಸಾಕಾಯಿತು. ಚೀಲದಿಂದ ಪ್ಲೇಯರ್ ತೆಗೆದು ನಡುವೆ ಎಸೆದಳು. "ನನ್ನ ಮುಂದ ಹಾಕ್ಕೊಂಡು ಕೇಳ್ರಿ. ಇವತ್ತು ಇದು ಮುಗೀಲಿ."

ಒಲೆಯ ಮುಂದೆ ಇಬ್ಬರೂ ಕೂತೆವು. ಕೆಂಪು ದಾರದ್ದು ನನ್ನ ಕಿವಿಗೆ, ಇನ್ನೊಂದು ಅವಳ ಕಿವಿಗೆ. ರಾಣಿಯ ದೊಡ್ಡ ಹಾಡು ಬಂತು. ಮುಗಿಯುವವರೆಗೆ ಒಬ್ಬರ ಮುಖ ಒಬ್ಬರು ನೋಡುತ್ತಾ ಕೇಳಿದೆವು.

"ಕೇಳಿದ್ಯಾ?" ಅಂದಳು ಅವಳು, ಗೆದ್ದವಳ ಹಾಗೆ.

"ನೀವು ಕೇಳಿದ್ರಿಲ್ಲ?" ಅಂದೆ ನಾನು, ಅದಕ್ಕಿಂತ ದೊಡ್ಡದಾಗಿ ಗೆದ್ದು.

ಇಷ್ಟು ಸ್ಪಷ್ಟವಾಗಿರುವುದನ್ನು ಇಲ್ಲ ಅನ್ನುವ ಹೆಂಗಸಿನ ಜೊತೆ ಒಂದೇ ಸೂರಿನಡಿ ಇರುವುದು ಹೇಗೆ ಅಂತ ನಾನು ಯೋಚಿಸಿದೆ. ಅವಳೂ ಅದನ್ನೇ ಯೋಚಿಸಿರಬೇಕು, ಹಿಟ್ಟಿನ ಕೈಯಿಂದ ಹಣೆ ಚಚ್ಚಿಕೊಂಡಳು.

"ಅಜ್ಜಿ, ನೀನ ಒಂದ್ಸಲ ಕೇಳಿ ಹೇಳು" ಅಂದೆ.

"ನನ್ನ ಕತಿ ನನಗ ಯಾಕ ಹೇಳ್ತೈತಿ ಅದು?" ಅಂದು ಅಜ್ಜಿ ಪ್ಲೇಯರನ್ನು ಸುಣ್ಣದ ಡಬ್ಬಿಯ ಪಕ್ಕ ತುರುಕಿದಳು.

ಆಯ್ಕೆಗೆ ಎರಡು ದಿನ ಇದೆ ಅನ್ನುವಾಗ, ಶುಕ್ರವಾರ, ಬಸ್ಸು ಗುಡ್ಡ ಹತ್ತುವ ಹೊತ್ತಿಗೆ ಅವಳ ತುದಿ ಸತ್ತಿತು.

"ಏನು ಮಾಡ್ದಿ?" ಅಂದಳು.

"ನಾ ಮುಟ್ಟಿಲ್ರಿ."

"ಮುಟ್ಟಿಲ್ಲ ಅಂತ ಗೊತ್ತೈತಿ. ನಿಂದಷ್ಟೇ ಟೇಪ್ ಹಚ್ಚಿ ಹಚ್ಚಿ ಚೊಕ್ಕ ಮಾಡ್ಕೊಂಡಿ. ನಂದು ದೂಳು ತಿಂದು ಸಾಯ್ಲಿ ಅಂತ."

ಅದು ನಿಜವಾಗಿತ್ತು. ನಾನು ಕಿಟಕಿಯ ಕಡೆ ತಿರುಗಿ ನಕ್ಕೆ. ಗಾಜಿನಲ್ಲಿ ಅವಳಿಗೆ ಕಾಣಿಸಿತು.

ಅವತ್ತೇ ಸಂಜೆ ಅವಳು ಶನಿವಾರಕ್ಕೆ ರಜೆ ಹಾಕಿ ತವರಿಗೆ ಹೋದಳು. ಭಾನುವಾರ ಅಲ್ಲಿಂದಲೇ ಮಾಸ್ತರರ ಮನೆಗೆ ಬರುತ್ತೇನೆ ಅಂದಳು. ಶನಿವಾರ ಬೆಳಿಗ್ಗೆ ಅಜ್ಜಿ ಪ್ಲೇಯರನ್ನು ನನ್ನ ಕೈಗೆ ಕೊಟ್ಟಳು. "ರಿಪೇರಿ ಮಾಡಿಸ್ಕೊಂಡು ಬಾ. ಕೇಳಬ್ಯಾಡ. ಆಕಿ ಇಲ್ಲದಾಗ ಕೇಳಿದ್ರ ಅದು ಕಳುವು."

ಕೆಲಸ ಬಿಟ್ಟ ಮೇಲೆ ಹೊಸಪೇಟೆ ಬಸ್‌ಸ್ಟ್ಯಾಂಡಿನ ಎದುರಿನ ಗಿರೀಶನ ಮೊಬೈಲ್ ಅಂಗಡಿಗೆ ಹೋದೆ. ಗಿರೀಶ ಯಾರನ್ನೂ ಮುಖ ಎತ್ತಿ ನೋಡುವವನಲ್ಲ. ಪಿನ್ ಸಿಗಿಸುವ ತೂತಿನೊಳಗೆ ಕಡ್ಡಿ ಹಾಕಿ ತಿರುವಿ ಹೊರಗೆಳೆದ. ಕೆಂಪು ಮಣ್ಣು, ಸುಣ್ಣ, ಒಂದು ಚೂರು ಅಡಿಕೆ.

"ಇದನ್ನ ಹಾಡು ಕೇಳಾಕ ಇಟ್ಟೀರೋ, ಊಟಕ್ಕ ಇಟ್ಟೀರೋ?" ಅಂದ.

ಸ್ಪಿರಿಟ್ ಹಚ್ಚಿ ಒರೆಸಿದ. ಅವಳ ತುದಿಯ ಜಾಲರಿಯಲ್ಲಿದ್ದ ಪುಡಿಯನ್ನು ಟೇಪಿನಿಂದ ಎತ್ತಿದ. ಆಮೇಲೆ ಎರಡೂ ತುದಿಗಳನ್ನು ನನ್ನ ಕಡೆ ಚಾಚಿದ. "ಎರಡೂ ಕಡಿ ಬರ್ತೈತಾ ನೋಡ್ರಿ."

"ನಂದು ಇದೊಂದ."

"ನಿಮ್ದು ಅಂದ್ರ? ಮಂದಿಗೆ ಎರಡು ಕಿವಿ ಇರ್ತಾವು."

ಅವಳ ತುದಿಯನ್ನು ದುಪಟ್ಟಾದಿಂದ ಒರೆಸಿ, ಮೂಗು ಮುರಿದು, ಕಿವಿಗೆ ಹಾಕಿಕೊಂಡೆ. ಎರಡು ತಿಂಗಳಲ್ಲಿ ಮೊದಲ ಸಲ ಎರಡೂ ಕಿವಿ ತುಂಬಿದವು.

ರಾಣಿ ಗುಡ್ಡ ಒಡೆದುಕೊಂಡು ಹೊರಗೆ ಬಂದಳು. ಅದು ಮಾಸ್ತರರ ಹೆಂಡತಿ ಸುವರ್ಣಮ್ಮನ ದನಿ. ಸಣ್ಣದೂ ಅಲ್ಲ, ದೂರದ್ದೂ ಅಲ್ಲ. ಕತ್ತಿ ಮಸೆದ ಹಾಗೆ ಇತ್ತು. ಅವಳು ಬಲಗಡೆ ನಿಂತಿದ್ದಳು, ರಕ್ಕಸ ಎಡಗಡೆ ನಿಂತಿದ್ದ, ನಡುವೆ ನನ್ನ ತಲೆ ಇತ್ತು. ನಾನು ಒಂದು ತುದಿ ತೆಗೆದೆ, ಹಾಕಿದೆ, ಇನ್ನೊಂದು ತೆಗೆದೆ.

"ಹಿಂಗ್ಯಾಕ?" ಅಂದೆ. ನನ್ನ ದನಿ ನನಗೇ ಕೇಳಲಿಲ್ಲ.

ಗಿರೀಶ ಒಂದು ತುದಿಯನ್ನು ಕಿವಿಗೆ ಒತ್ತಿ, ಇನ್ನೊಂದನ್ನು ಒತ್ತಿ ನೋಡಿದ. "ರೆಕಾರ್ಡ್ ಮಾಡಿದಾತ ಎರಡು ಮೈಕ್ ಇಟ್ಟಾನ. ಗಂಡಸಿಂದು ಎಲ್ ಕಡಿ, ಹೆಂಗಸಿಂದು ಆರ್ ಕಡಿ. ಆ ಕಡಿ ಮೈಕಿಗೆ ಈಕಿ ದನಿ ಸ್ವಲ್ಪ ಹಾಯ್ದೈತಿ, ಅದಕ್ಕ ಸಣ್ಣಗ ಬರ್ತೈತಿ. ಒಂದ ಕಿವಿಯಾಗ ಕೇಳಿದ್ರ ಅರ್ಧ ಆಟ ಅಷ್ಟ."

ಏಳು ಗೋಡೆಯಲ್ಲ, ಒಂದು ಮೈಕು. ಎರಡು ತಿಂಗಳು ನಾನು ಕಲಿತದ್ದು ರಾಣಿಯನ್ನಲ್ಲ, ಪಕ್ಕದ ಮೈಕಿಗೆ ಸೋರಿದ ಅವಳ ಎಂಜಲು ದನಿಯನ್ನು. ಅವಳು ಮಾತ್ರ, ಆ ಮಚ್ಚೆಯ ಕಿವಿಯವಳು, ಇಡೀ ರಾಣಿಯನ್ನು ದಿನವೂ ನನ್ನ ಪಕ್ಕದಲ್ಲೇ ಕೂತು ಕುಡಿಯುತ್ತಿದ್ದಳು.

ಅಂಗಡಿಯ ಮುಂದೆ ನಿಂತು ಮೂರು ಸಲ ಪೂರ್ತಿ ಕೇಳಿದೆ. ಗಿರೀಶ ಶಟರ್ ಅರ್ಧ ಎಳೆದು, "ಇದು ಅಂಗಡಿ ಐತ್ರಿ, ಟಾಕೀಸ್ ಅಲ್ಲ" ಅಂದ. ಮನೆಗೆ ಬಂದು ಪ್ಲೇಯರನ್ನು ಅಜ್ಜಿಗೆ ಕೊಟ್ಟೆ.

"ಕೇಳಿದೇನು?" ಅಂದಳು.

"ರಿಪೇರಿ ಆತು" ಅಂದೆ. ಅಣ್ಣನ ಮೊಬೈಲಿನಿಂದ ಅತ್ತಿಗೆಗೆ ಒಂದು ಮಾತು ಹೇಳಬಹುದಿತ್ತು. ನಾನು ಹೇಳಲಿಲ್ಲ. ಅವಳಿಗೆ ರಕ್ಕಸ ಸರಿಯಾಗಿ ಕೇಳಿಲ್ಲ ಅನ್ನುವುದು ಆಗಲೇ ಹೊಳೆದಿತ್ತು. ಆ ಹೊಳಹನ್ನು ಕಲ್ಲುಸಕ್ಕರೆಯ ಹಾಗೆ ಬಾಯಲ್ಲಿಟ್ಟುಕೊಂಡು ಮಲಗಿದೆ.

ಭಾನುವಾರ ಬೆಳಿಗ್ಗೆ, ರೆಕಾರ್ಡಿಂಗು ಅಳಿಸಲು ಮಾಸ್ತರರಿಗೆ ಕೊಡಲೆಂದು ಪ್ಲೇಯರನ್ನು ತೆಗೆದುಕೊಂಡು, ಕಂಪ್ಲಿಗೆ ಹೋದೆ. ಮಾಸ್ತರರ ಮನೆ ಅಕ್ಕಿ ಗಿರಣಿಯ ಹಿಂದೆ, ತಗಡಿನ ಪಡಸಾಲೆ. ಮೇಳದ ಹೆಂಗಸರು ಗೋಡೆಗೆ ಒರಗಿ ಕೂತಿದ್ದರು. ಅತ್ತಿಗೆ ಅವರ ನಡುವೆ ತನ್ನ ಮನೆಯೇ ಅನ್ನುವ ಹಾಗೆ ಕಾಲು ಚಾಚಿ ಕೂತಿದ್ದಳು.

"ಬರ್ರಿ ಮಹಾರಾಣಿ" ಅಂದಳು. ನಾಲ್ಕು ಜನ ನಕ್ಕರು.

ಮೊದಲು ನನ್ನನ್ನು ಕರೆದರು. ಮಾಸ್ತರರು ಹಾರ್ಮೋನಿಯಂ ತಿದಿ ಒತ್ತಿದರು. ನಿನ್ನೆ ಕೇಳಿದ ದನಿಯನ್ನು ನೆನೆಸಿಕೊಂಡು ಬಾಯಿ ತೆರೆದೆ. 'ಕೊಡಲಾರೆ ಎಲವೋ ಖಳನೆ, ನನ್ನ ಕೊರಳ ಕೊಡಲಾರೆ.' ಎರಡು ತಿಂಗಳು ಉಸಿರು ಹಿಡಿದು ಕಲಿತ ಗಂಟಲು ಒಂದು ರಾತ್ರಿಯಲ್ಲಿ ಬಿಡುವುದಿಲ್ಲ. ಮೊದಲ ಸಾಲು ಗುಹೆಯೊಳಗೇ ಉಳಿಯಿತು. ಎರಡನೆಯದನ್ನು ಹೊರಗೆಳೆಯಲು ಹೋದಾಗ ಸೀಳಿತು.

"ಕೇಳವಲ್ದವ್ವ" ಅಂದರು ಮಾಸ್ತರರು. "ಎರಡನೇ ಸಾಲಿನ ಮಂದಿಗೇ ಮುಟ್ಟಂಗಿಲ್ಲ ಇದು. ಕುಂದ್ರು."

ಅತ್ತಿಗೆ ಎದ್ದಳು. ಸೆರಗು ಸಿಕ್ಕಿಸಿಕೊಂಡು ನಿಂತು ಹಾಡಿದಳು. ತಗಡು ಝುಂ ಅಂದಿತು. ಅದು ಚೆನ್ನಾಗಿತ್ತು, ಅಷ್ಟು ಚೆನ್ನಾಗಿದ್ದದ್ದಕ್ಕೆ ನಾನು ಅವಳನ್ನು ಇನ್ನಷ್ಟು ದ್ವೇಷಿಸಿದೆ. ಆದರೆ ರಾಣಿಯ ಸಾಲಿನ ನಡುವೆ ರಕ್ಕಸ ಅಡ್ಡ ಬರುವ ಕಡೆ ಅವಳು ನಿಲ್ಲಲಿಲ್ಲ, ಹಾಡುತ್ತಲೇ ಹೋದಳು. ಮಾಸ್ತರರು ಹಾರ್ಮೋನಿಯಂ ನಿಲ್ಲಿಸಿದರು.

"ಅಲ್ಲಿ ರಕ್ಕಸ ಬರ್ತಾನ. ನಿಂದ್ರಬೇಕು."

ಎರಡನೇ ಸಲವೂ ಹಾಗೇ ಆಯಿತು. ಮೂರನೇ ಸಲ ಅವಳು ನಿಂತಳು, ಆದರೆ ಎರಡು ಮಾತ್ರೆ ಮೊದಲೇ. ಮಾಸ್ತರರು ಹಾರ್ಮೋನಿಯಂ ಮೇಲೆ ಹೊಡೆದರು. "ರಕ್ಕಸನ ಸಾಲು ಕೇಳೇ ಇಲ್ಲೇನು ನೀನು?"

"ಅಂವ ಏನೋ ಗೊಣಗ್ತಾನ್ರಿ ಮಾಸ್ತರ, ಬಾಯೊಳಗ" ಅಂದಳು ಅತ್ತಿಗೆ. "ಅದನ್ನೇನು ಕೇಳೋದು ಅಂತ ಬಿಟ್ಟಿದ್ದೆ."

ಗೊಣಗುತ್ತಾನೆ! ಎರಡು ತಿಂಗಳು ನನ್ನ ಕಿವಿಯಲ್ಲಿ ಕೂತು ಗದ್ದರಿಸಿದವನು. ನಾನು ಯಾವಾಗ ಎದ್ದು ನಿಂತೆನೋ ತಿಳಿಯದು. ಅವಳು ನಾಲ್ಕನೇ ಸಲ ಶುರು ಮಾಡಿ, ನಿಲ್ಲಬೇಕಾದ ಜಾಗ ದಾಟುವುದಕ್ಕೆ ಸರಿಯಾಗಿ ನನ್ನ ಬಾಯಿಂದ ಅದು ಹೊರಬಿತ್ತು.

'ನಿಲ್ಲು ನಿಲ್ಲೆಲೆ ರಾಣಿ, ನಿನ್ನ ಕೊರಳೆನಗೆ ಕುಲುಮೆ! ಬಿಡೆನು, ಈ ಗುಡ್ಡ ಬಾಯ್ದೆರೆವ ತನಕ ಬಿಡೆನು!'

ಅವಳು ನಿಂತಳು. ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದಳು. ಹಾರ್ಮೋನಿಯಂ ನಿಲ್ಲಲಿಲ್ಲ. ನಾನು ಅವಳ ಕಡೆ ಬೆರಳು ಚಾಚಿ ಮುಂದಿನ ಸಾಲು ಹಾಡಿದೆ, ಅದರ ಮುಂದಿನದನ್ನೂ ಹಾಡಿದೆ. ಯಾವುದನ್ನೂ ನೆನಪಿಸಿಕೊಳ್ಳಬೇಕಾಗಲಿಲ್ಲ. ಕಿಟಕಿಯ ಸೀಟು, ಬೇಸ್ ಗುಂಡಿ, ಬೆಕ್ಕಿನ ಮಾತು, ಕಳೆದುಹೋದ ನನ್ನ ರಾಣಿ, ಎಲ್ಲವೂ ಅದರಲ್ಲಿತ್ತು. ಅವಳೂ ಬಿಡಲಿಲ್ಲ. ಕಣ್ಣು ಕೆಂಪು ಮಾಡಿಕೊಂಡು 'ಕೊಡಲಾರೆ' ಅಂತ ನನ್ನ ಮುಖದ ಮೇಲೇ ಹಾಡಿದಳು. ಹಾಡು ಮುಗಿದಾಗ ನಮ್ಮ ನಡುವೆ ಒಂದು ಮೊಳ ಜಾಗವಿತ್ತು. ಗೋಡೆಗೆ ಒರಗಿದ್ದವರೆಲ್ಲ ಎದ್ದು ನಿಂತಿದ್ದರು.

ಸುವರ್ಣಮ್ಮ ಕೇಳಿದಳು, "ರಕ್ಕಸಂದು ಯಾವಾಗ ಕಲ್ತಿ ಹುಡುಗಿ?"

"ಕಲ್ತಿಲ್ರಿ. ಬ್ಯಾಡ ಅಂದ್ರೂ ಕಿವ್ಯಾಗ ಬಿತ್ತು. ಆರ್ ಕಡಿ ನೀವು, ಎಲ್ ಕಡಿ ಮಾಸ್ತರು. ನನ್ನ ಕಿವಿಗೆ ಎಲ್ ಇತ್ತು."

"ಎರಡೂ ಕಿವಿಗೆ ಹಾಕ್ಕೊಂಡು ಕೇಳಲಿಲ್ಲೇನು ನೀವು?" ಅಂದರು ಮಾಸ್ತರರು. ಯಾರೋ ಕಿಸಕ್ಕೆಂದರು. ಆಗ ನಾನೂ ಆಶ್ಚರ್ಯಪಡಬೇಕಿತ್ತು. ಮುಖ ಸಹಕರಿಸಲಿಲ್ಲ. ಅತ್ತಿಗೆ ನನ್ನನ್ನೇ ನೋಡುತ್ತಿದ್ದಳು.

"ನಿನಗ ಗೊತ್ತಿತ್ತು" ಅಂದಳು.

"ನಿನ್ನೆ ಗೊತ್ತಾತ್ರಿ."

"ಹೇಳಲಿಲ್ಲ."

"ಇಲ್ರಿ."

ಅವಳು ಬೈಯಲಿಲ್ಲ. ಸೊಂಟದ ಸೆರಗು ಬಿಡಿಸಿಕೊಂಡು ಕೂತಳು. ಬೈದಿದ್ದರೆ ಚೆನ್ನಾಗಿತ್ತು.

ಮಾಸ್ತರರು ತೀರ್ಪು ಕೊಟ್ಟರು. "ರಾಣಿ ರೇಣುಕಾ. ರಕ್ಕಸ ಪಲ್ಲವಿ."

"ನಾ ಒಲ್ಲೆ" ಅಂದೆ. ಕಣ್ಣು ತುಂಬಿ ಬಂತು, ಅದನ್ನು ಅವಳು ನೋಡುತ್ತಿದ್ದಾಳೆಂದು ಇನ್ನೂ ತುಂಬಿತು. "ಕತಿ ನಮ್ಮ ಅಜ್ಜೀದು. ರಾಣಿ ನಂದು."

"ಒಲ್ಲೆ ಅಂದ್ರ ಬಾಗ್ಲಾ ಆ ಕಡಿ ಐತಿ."

"ಆಕೀನೇ ಇರ್ಲಿ ಬಿಡ್ರಿ ಮಾಸ್ತರ" ಅಂದಳು ಅತ್ತಿಗೆ, ನನ್ನ ಕಡೆ ನೋಡದೆ. "ಬ್ಯಾರೇದವ್ರು ಬಂದ್ರ ನಟನಿ ಮಾಡ್ತಾರ. ಈಕಿ ಖರೇನ ನನ್ನ ಕೊರಳು ಹಿಸುಕ್ತಾಳ."

ಹೆಂಗಸರೆಲ್ಲ ನಕ್ಕರು. ಆ ನಗೆಯ ನಡುವೆ ಎದ್ದು ಹೋದರೆ ಅವಳು ಗೆದ್ದ ಹಾಗೆ. ನಾನು ಹೋಗಲಿಲ್ಲ. ಮಾಸ್ತರರು ಪ್ಲೇಯರನ್ನು ವಾಪಸ್ ನನ್ನ ಕೈಗೇ ಇಟ್ಟರು, ಇನ್ನೂ ಒಂದು ತಿಂಗಳ ಅಭ್ಯಾಸವಿದೆ ಅಂತ.

ಮನೆಯಲ್ಲಿ ಅಜ್ಜಿಗೆ ಹೇಳಿದೆ, ಸಮಾಧಾನ ಮಾಡುತ್ತಾಳೆಂದು. ಅವಳು ಅಡಿಕೆ ಕತ್ತರಿಸುತ್ತಾ, "ನೀ ಹುಟ್ಟಿದಾಗ ಅತ್ತಿದ್ದು ಕೇಳಿ ಸೂಲಗಿತ್ತಿ ಗಂಡು ಅಂದಿದ್ಲು" ಅಂದಳು. ಆಮೇಲೆ, "ಕಳುವು ಮಾಡಿ ಕೇಳಿದೆಲ್ಲ, ಪ್ಲೇಯರ್ ಇನ್ನ ಮ್ಯಾಲೆ ಆಕಿ ಹತ್ರ ಇರ್ಲಿ" ಅಂದಳು.

ಸೋಮವಾರ ಬಸ್ಸು ಬಂತು. ನಾನು ಕಿಟಕಿಯ ಕಡೆ, ಅವಳು ಈ ಕಡೆ, ಪ್ಲೇಯರ್ ಅವಳ ಮಡಿಲಲ್ಲಿ. ಅವಳು ಇಯರ್‌ಫೋನ್ ಬಿಡಿಸಿ ಎರಡೂ ತುದಿಗಳನ್ನು ನೋಡಿದಳು. ಅವಳಿಗೆ ಈಗ ಬೇಕಾದದ್ದು ಕೆಂಪು ದಾರದ್ದು, ರಕ್ಕಸ ಎಲ್ಲಿ ಬರುತ್ತಾನೆಂದು ತಿಳಿಯಲು. ನನಗೆ ಬೇಕಾದದ್ದು ಅವಳದು, ರಾಣಿ ಎಲ್ಲಿ ನಿಲ್ಲುತ್ತಾಳೆಂದು ತಿಳಿಯಲು. ಇಬ್ಬರಿಗೂ ಅದು ಗೊತ್ತಿತ್ತು.

ಟಿ.ಬಿ. ಡ್ಯಾಮಿನ ತಿರುವಿನಲ್ಲಿ ಅವಳು ಹಲ್ಲಿನಿಂದ ಕೆಂಪು ದಾರ ಕಡಿದು ಕಿಟಕಿಯಾಚೆ ಎಸೆದಳು. ಸೆರಗಿನಿಂದ ನನ್ನ ತುದಿಯನ್ನು ಒರೆಸಿದಳು. ಮತ್ತೆ ಒರೆಸಿದಳು. ನನ್ನ ಮುಖ ನೋಡುತ್ತಾ ಮೂರನೇ ಸಲ ಒರೆಸಿದಳು. ನಾನು ಬ್ಯಾಗಿನಿಂದ ಸ್ಪಿರಿಟ್ ಹಚ್ಚಿದ ಹತ್ತಿ ತೆಗೆದು ಅವಳದನ್ನು ಐದು ಸಲ ಒರೆಸಿದೆ.

ರಾಣಿ ನನ್ನ ಕಿವಿಗೆ ಬಂದಳು, ಪೂರ್ತಿಯಾಗಿ. ಅತ್ತಿಗೆ ಕತ್ತು ಹಿಂದೆಳೆದಳು. ರಕ್ಕಸ ಅವಳಿಗೆ ಮುಟ್ಟಿದ್ದ.

"ಸೌಂಡ್ ಭಾಳ ಐತ್ರಿ. ಕಡಿಮಿ ಮಾಡ್ರಿ" ಅಂದೆ.

"ನಿನಗ ಸಣ್ಣಗ ಕೇಳಿದ್ರ ಸಾಲಂಗಿಲ್ಲಲ್ಲವಾ" ಅಂದು ಅವಳು ಇನ್ನೊಂದು ಗೆರೆ ಏರಿಸಿದಳು.

ನಾನು ಕೈ ಚಾಚಿ ಮತ್ತೊಂದು ಗೆರೆ ಏರಿಸಿದೆ, ನನ್ನ ಪಾಲಿನ ಕೂಗು ಅವಳ ಕಿವಿಯಲ್ಲಿ ಒಂದು ಮಾತ್ರೆಯೂ ತಪ್ಪದೆ ಬೀಳಲಿ ಅಂತ. ಯಶವಂತನಗರದ ಗೇಟಿನವರೆಗೆ ಇಬ್ಬರೂ ಅದನ್ನು ಇಳಿಸಲಿಲ್ಲ.